ನೀರುಹಕ್ಕಿ ನೋಡೋಕೆ 8×42 ಬೈನಾಕ್ಯುಲರೇ ಸರಿ

ನೀರುಕಾಗೆ, ಹಾವಕ್ಕಿ, ಬಕ ಇವನ್ನೆಲ್ಲ ನೋಡೋ ಹುಚ್ಚಿದ್ದು ಬೈನಾಕ್ಯುಲರ್ ತಗೊಳ್ಳೋ ಯೋಚ್ನೆ ಇದ್ರೆ 8×42 ತಗೊಳ್ಳಿ, ಅಂದ್ರೆ ಎಂಟು ಪಟ್ಟು ದೊಡ್ಡದಾಗಿ ತೋರಿಸೋ, ಮುಂದಿನ ಲೆನ್ಸ್ 42 ಮಿ.ಮೀ. ಅಗಲ ಇರೋದು. 10×42ರಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತೆ ಅಂತ ಎಲ್ರೂ ಹೇಳ್ತಾರೆ, ನಿಜಾನೇ, ಆದ್ರೆ ನೀರುಕಾಗೆ ಮುಳುಗಿದ ಜಾಗದಲ್ಲೇ ಏಳೋ ಹಕ್ಕಿ ಅಲ್ಲ, ನಾಲ್ಕೂ ಬೆರಳಿಗೆ ಜಾಲಪೊರೆ ಇರೋ ಕಾಲಲ್ಲಿ ನೀರನ್ನ ತಳ್ಕೊಂಡು ಮೀನಿನ ಹಿಂದೆ ಹೋಗಿ ಇನ್ನೆಲ್ಲೋ ತಲೆ ಎತ್ತುತ್ತೆ, ಅದನ್ನ ತಕ್ಷಣ ಹುಡುಕ್ಬೇಕು ಅಂದ್ರೆ ಅಗಲವಾಗಿ ಕಾಣ್ಬೇಕು, ಕೈ ಸ್ವಲ್ಪ ಅಲುಗಾಡಿದ್ರೂ ದೃಶ್ಯ ಕುಣೀಬಾರ್ದು. ಇದೆರಡೂ 8×ನಲ್ಲೇ ಸಲೀಸು. ಮಬ್ಬು ಬೆಳಕಲ್ಲೂ ಲಾಭ ಇದೆ, 42ನ್ನ 8ರಿಂದ ಭಾಗಿಸಿದ್ರೆ 5.25 ಮಿ.ಮೀ., ಕಣ್ಣಿಗೆ ಬೀಳೋ ಬೆಳಕಿನ ವೃತ್ತ ಅಷ್ಟಗಲ ಇರುತ್ತೆ, 10×ನಲ್ಲಿ ಬರೀ 4.2.

ಲೆನ್ಸ್ ಎಷ್ಟು ಚೆನ್ನಾಗಿದೆ ಅಂತ ಪರೀಕ್ಷೆ ಮಾಡೋಕೂ ನೀರುಕಾಗೇನೇ ಬೇಕು. ಕಪ್ಪು ಹಕ್ಕಿ, ಹಿಂದೆ ಫಳಫಳ ಹೊಳೆಯೋ ನೀರು, ಲೆನ್ಸ್ ಮೇಲೆ ಬಳಿದಿರೋ ತೆಳು ಲೇಪ (ಕೋಟಿಂಗ್) ಕಳಪೆ ಆದ್ರೆ ಬರೀ ಕರೀ ಮುದ್ದೆ ಕಾಣುತ್ತೆ. ನನ್ನ 8×42ರಲ್ಲಿ ದೊಡ್ಡ ನೀರುಕಾಗೆ ರೆಕ್ಕೆ ಹರವಿ ಒಣಗಿಸ್ಕೊಳ್ತಾ ಕೂತಿದ್ದಾಗ ನೋಡ್ದೆ, ರೆಕ್ಕೆ ಮೇಲಿನ ಒಂದೊಂದು ಗರಿಗೂ ಕಂಚಿನ ಬಣ್ಣ, ಸುತ್ತ ಕಪ್ಪು ಅಂಚು, ಪಚ್ಚೆ ಹಸಿರು ಕಣ್ಣು, ಕೊಕ್ಕಿನ ತುದೀಲಿರೋ ಕೊಕ್ಕೆ, ಬಿಸಿಲಿಗೆ ಬಾಯಿ ತೆರ್ಕೊಂಡು ಗಂಟಲ ಚರ್ಮ ಪಟಪಟ ಅದುರಿಸ್ತಿದ್ದದ್ದು, ಎಲ್ಲಾ ಬಿಡಿಬಿಡಿಯಾಗಿ ಕಾಣ್ತು! ಅದರ ಗರಿಗಳ ಹೊರಭಾಗ ನೀರು ಕುಡಿದು ನೆನೆಯುತ್ತೆ, ಅದಕ್ಕೇ ಸುಲಭವಾಗಿ ಮುಳುಗುತ್ತೆ, ಅದಕ್ಕೇ ಆಮೇಲೆ ಈ ಒಣಗಿಸೋ ಕೆಲ್ಸ. ಹಾವಕ್ಕೀನೂ ಹಿಂಗೇ ಕೂರುತ್ತೆ, ಆದ್ರೆ ಅದರ ಕೊಕ್ಕು ಭರ್ಜಿ ಥರ ನೆಟ್ಟಗೆ, ಮೀನನ್ನ ಕಚ್ಚಿ ಹಿಡಿಯಲ್ಲ, ಚುಚ್ಚುತ್ತೆ.

ಗೂಡು ಕಟ್ಟೋ ಕಾಲದಲ್ಲಂತೂ ಬೈನಾಕ್ಯುಲರ್ ಇಲ್ದೆ ಹೋಗ್ಲೇಬೇಡಿ. ನೀರುಕಾಗೆ, ಬಕ, ಬೆಳ್ಳಕ್ಕಿ ಒಂದೇ ಮರದಲ್ಲಿ ಗುಂಪಾಗಿ ಗೂಡು ಮಾಡ್ತವೆ, ನಾವು ಹತ್ರ ಹೋದ್ರೆ ದೊಡ್ಡವೆಲ್ಲ ಎದ್ದು ಹಾರಿಬಿಡ್ತವೆ, ಅಷ್ಟರಲ್ಲಿ ಕಾಗೆ ಬಂದು ಮೊಟ್ಟೆ ಎತ್ಕೊಂಡು ಹೋಗುತ್ತೆ, ಮರಿಗಳು ಬಿಸಿಲಿಗೆ ಸಿಕ್ಕಿ ಒದ್ದಾಡ್ತವೆ. ದಯವಿಟ್ಟು ದೂರದಲ್ಲೇ ನಿಂತು ನೋಡಿ.

ನನ್ನ ಬೈನಾಕ್ಯುಲರಲ್ಲಿ ಕೊರತೆ ಇಲ್ಲ ಅಂತಲ್ಲ. ಬಿಳೀ ಆಕಾಶದ ಎದುರು ಹಾರೋವಾಗ ಹಕ್ಕಿಯ ಅಂಚಲ್ಲಿ ತೆಳುವಾಗಿ ನೇರಳೆ ಗೆರೆ ಕಾಣುತ್ತೆ. ಫೋಕಸ್ ಚಕ್ರ ನಿಧಾನ, ಹತ್ರದ ಮಿಂಚುಳ್ಳಿಯಿಂದ ದೂರದ ನೀರುಕಾಗೆಗೆ ಬರೋಕೆ ತುಂಬಾ ತಿರುಗಿಸ್ಬೇಕು. ಜೊತೆಗೆ ಕೊಟ್ಟ ಪಟ್ಟಿ ಕುತ್ತಿಗೆ ಕೊಯ್ಯುತ್ತೆ, ಅಗಲವಾದ್ದು ಹಾಕಿಸ್ಕೊಳ್ಳಿ. ಕನ್ನಡಕದೋರು ಕಣ್ಣಿನ ಕಪ್ ಒಳಕ್ಕೆ ತಿರುಗಿಸಿ ಪೂರ್ತಿ ವೃತ್ತ ಕಾಣುತ್ತಾ ಅಂತ ಅಂಗಡೀಲೇ ನೋಡ್ಕೊಳ್ಳಿ. ದೊಡ್ಡ ಕೆರೆಯ ನಟ್ಟನಡುವೆ ತೇಲೋ ಬಾತುಗಳನ್ನ ಗುರುತು ಹಿಡಿಯೋಕೆ ಇದು ಸಾಲಲ್ಲ, ಸ್ಟ್ಯಾಂಡ್ ಮೇಲಿಡೋ ಪುಟ್ಟ ದೂರದರ್ಶಕ, ಸ್ಪಾಟಿಂಗ್ ಸ್ಕೋಪೇ ಬೇಕು.