ಟೈಪಿಂಗ್ ಅಂಗಡಿಯ ರೆಡಿಮೇಡ್ ಬಾಡಿಗೆ ಕರಾರು: ಮಣಿಪಾಲದ ಮನೆ ಮಾಲೀಕರಿಗೆ ಸಾಕೇ?

ಉಡುಪಿ, ಮಣಿಪಾಲದ ಟೈಪಿಂಗ್ ಅಂಗಡಿಗಳಲ್ಲಿ ಸಿಗುವ 11 ತಿಂಗಳ ಕರಾರು ಪತ್ರದಲ್ಲಿ ಹೆಸರು, ವಿಳಾಸ, ಬಾಡಿಗೆ ಎಲ್ಲ ಸರಿಯಾಗಿಯೇ ಇರುತ್ತದೆ. ಅದು ಕೈಕೊಡುವುದು ಬಾಡಿಗೆದಾರ ನಡುವೆಯೇ ಹೊರಟಾಗ. ಸಾಮಾನ್ಯವಾಗಿ ‘ಒಂದು ತಿಂಗಳ ನೋಟಿಸ್’ ಎಂಬ ಒಂದೇ ಸಾಲು, ಲಾಕ್-ಇನ್, ಅಂದರೆ ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಷರತ್ತಿನ ಮಾತೇ ಇಲ್ಲ.

ಪ್ರಿಂಟ್ ತೆಗೆಯುವ ಮೊದಲೇ ಸೇರಿಸಲು ಹೇಳಿ: 6 ತಿಂಗಳು ಲಾಕ್-ಇನ್, ಮುರಿದರೆ ಹೊಸಬರು ಬರುವವರೆಗಿನ ಬಾಡಿಗೆ, ಹೆಚ್ಚೆಂದರೆ 2 ತಿಂಗಳದ್ದು. ‘ಪೂರ್ತಿ ಅಡ್ವಾನ್ಸ್ ಮುಟ್ಟುಗೋಲು’ ಎಂದು ದಯವಿಟ್ಟು ಬರೆಸಬೇಡಿ. 1872ರ ಕರಾರು ಕಾಯ್ದೆಯ 74ನೇ ಕಲಂನಡಿ ಸಿಗುವುದು ನ್ಯಾಯಸಮ್ಮತ ಪರಿಹಾರ ಮಾತ್ರ. ಮನೆಗೆ ಬೀಗ ಹಾಕಿ ಕೂತು ಉಳಿದ ತಿಂಗಳುಗಳ ಬಾಡಿಗೆ ಕೇಳಿದರೆ ವಾದ ನಿಲ್ಲುವುದು ಕಷ್ಟ. ನಷ್ಟ ತಗ್ಗಿಸಲು ನೀವೂ ಪ್ರಯತ್ನಿಸಿರಬೇಕು. ‘ಮನೆ ಬಾಡಿಗೆಗಿದೆ’ ಎಂದು ಹಾಕಿದ ಜಾಹೀರಾತು, ಬ್ರೋಕರ್‌ಗೆ ಕಳಿಸಿದ ವಾಟ್ಸಾಪ್ ಸಂದೇಶ, ಎರಡನ್ನೂ ಉಳಿಸಿಡಿ.

ಈ ಪತ್ರಗಳಲ್ಲಿ ಕಾಣದ ಇನ್ನೊಂದು ಪುಟ ಹಸ್ತಾಂತರದ್ದು: ಕೀಲಿ ಕೊಟ್ಟ ದಿನಾಂಕ, ಮೆಸ್ಕಾಂ ಮೀಟರ್ ರೀಡಿಂಗ್, ಅಡ್ವಾನ್ಸ್‌ನಲ್ಲಿ ಮಾಡಿದ ಕಡಿತದ ಲೆಕ್ಕ, ಇಬ್ಬರ ಸಹಿ. ಇಲ್ಲಿನ ಮಳೆಗಾಲಕ್ಕೆ ಗೋಡೆಗೆ ಬಂದ ಬೂಷ್ಟಿಗೆ ಬಾಡಿಗೆದಾರನ ಹಣ ಹಿಡಿಯುವುದು ಅನ್ಯಾಯ. ಅವಧಿ ಒಂದು ವರ್ಷ ಮೀರಿದರೆ ಮಾತ್ರ ಅಂಗಡಿ ಪತ್ರ ಬಿಟ್ಟು ನೋಂದಣಿಗೇ ಹೋಗಿ.