ಮಗುವಿಗೆ ಮನೆಯಲ್ಲೇ ಆಕ್ಸಿಜನ್: ಕಾನ್ಸಂಟ್ರೇಟರ್ರೋ, ಸಿಲಿಂಡರ್ರೋ?

ನಮ್ಮ ಮಗಳು 28 ವಾರಕ್ಕೇ ಹುಟ್ಟಿದವಳು. ಶ್ವಾಸಕೋಶ ಬಲಿತಿರಲಿಲ್ಲ, ಡಾಕ್ಟರು ಬಿಪಿಡಿ ಎಂದರು, ಅಂದರೆ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಬರುವ ಶ್ವಾಸಕೋಶದ ಕಾಯಿಲೆ. ನಿಮಿಷಕ್ಕೆ ಕಾಲು ಲೀಟರ್ ಆಕ್ಸಿಜನ್ ಬರೆದುಕೊಟ್ಟು ಮನೆಗೆ ಕಳಿಸಿದರು. ಮನೆ ಇರುವುದು ತೀರ್ಥಹಳ್ಳಿ ಕಡೆ. ಕಾನ್ಸಂಟ್ರೇಟರ್, ಸಿಲಿಂಡರ್ ಎರಡನ್ನೂ ಬಳಸಿದ್ದೇವೆ.

ಕಾನ್ಸಂಟ್ರೇಟರ್ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ನೈಟ್ರೋಜನ್ ತೆಗೆದು, ಸುಮಾರು 93% ಆಕ್ಸಿಜನ್ ಕೊಡುತ್ತದೆ. ಕರೆಂಟ್ ಇರುವವರೆಗೆ ಮುಗಿಯುವ ಚಿಂತೆಯೇ ಇಲ್ಲ. ಸದ್ದು ಮಾಡುತ್ತದೆ, ಅದಕ್ಕೆ ಪಕ್ಕದ ಕೋಣೆಯಲ್ಲಿಟ್ಟು ಉದ್ದದ ಪೈಪ್ ಎಳೆದೆವು. ವಾರಕ್ಕೊಮ್ಮೆ ಹೊರಗಿನ ಫಿಲ್ಟರ್ ತೊಳೆಯಬೇಕು.

ತೊಂದರೆ ಇರುವುದು, ನಿಮಿಷಕ್ಕೆ ಎಷ್ಟು ಆಕ್ಸಿಜನ್ ಹೋಗುತ್ತಿದೆ ಎಂದು ತೋರಿಸುವ ಫ್ಲೋಮೀಟರ್‌ನಲ್ಲಿ. ಐದು ಲೀಟರಿನ ಮಷಿನ್ ದೊಡ್ಡವರಿಗೆಂದು ಮಾಡಿದ್ದು. ಗೆರೆಗಳು ಅರ್ಧ ಲೀಟರಿನಿಂದ ಶುರು. ಕಾಲು ಲೀಟರ್ ಎಂದರೆ ಗುಂಡು ತಳದಲ್ಲೇ ಅಲ್ಲಾಡುತ್ತಿರುತ್ತದೆ, ಅಂದಾಜಿನ ಮೇಲೆ ಕೊಡಬೇಕು. ಔಷಧಿಯನ್ನು ಅಂದಾಜಿಗೆ ಕೊಡ್ತೀವಾ? ಮಕ್ಕಳ ಲೋ ಫ್ಲೋಮೀಟರ್ ಬೇರೆಯೇ ಸಿಗುತ್ತದೆ. ಕೇಳಿ ಹಾಕಿಸಿಕೊಳ್ಳಿ, ಮಾರುವವರು ತಾವಾಗಿ ಹೇಳುವುದಿಲ್ಲ.

ಸಿಲಿಂಡರಿಗೆ ಸದ್ದಿಲ್ಲ, ಕರೆಂಟ್ ಬೇಡ. ಬಿ ಟೈಪ್‌ನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ಕಾಲು ಲೀಟರಿನ ಲೆಕ್ಕದಲ್ಲಿ 100 ಗಂಟೆ, ಅಂದರೆ ನಾಲ್ಕು ದಿನ. ಒಂದು ಲೀಟರ್ ಬೇಕಾದ ಮಗುವಿಗೆ ಅದೇ ಸಿಲಿಂಡರ್ ಒಂದೇ ದಿನ. ಪೂರ್ತಿ ಖಾಲಿಯಾಗುವವರೆಗೆ ಕಾಯುವ ಹಾಗೂ ಇಲ್ಲ. ತುಂಬಿಸಲು ನಮಗೆ ಶಿವಮೊಗ್ಗಕ್ಕೇ ಹೋಗಬೇಕು, ಸುಮಾರು 60 ಕಿಲೋಮೀಟರ್. ಗೋಡೆಗೆ ಸರಪಳಿ ಹಾಕಿ ನಿಲ್ಲಿಸಬೇಕು, ಬಿದ್ದರೆ ಅಪಾಯ. ಮಗುವಿಗೆ ಎಣ್ಣೆ ತಿಕ್ಕಿದ ಕೈಯಲ್ಲಿ ರೆಗ್ಯುಲೇಟರ್ ಮುಟ್ಟಲೇಬಾರದು.

ಹಾಗೇ ಇನ್ನೊಂದು ಮಾತು, ಇದು ಎರಡಕ್ಕೂ ಸೇರಿದ್ದು. ಸ್ನಾನವಾದ ಮೇಲೆ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿ ನಮ್ಮ ಮನೆಯಲ್ಲೂ ಇತ್ತು. ಅತ್ತೆಯವರಿಗೆ ಬೇಜಾರಾದರೂ ನಿಲ್ಲಿಸಿದೆವು. ಆಕ್ಸಿಜನ್ ಹತ್ತಿರ ಕೆಂಡ, ದೀಪ, ಬೀಡಿ ಯಾವುದೂ ಸುಳಿಯಬಾರದು. ಆ ಹೊಗೆ ಇಂಥ ಮಗುವಿನ ಶ್ವಾಸಕೋಶಕ್ಕೂ ಆಗುವುದಿಲ್ಲ.

ಹೆಗಲಿಗೆ ಹಾಕಿಕೊಳ್ಳುವ ಪುಟ್ಟ ಕಾನ್ಸಂಟ್ರೇಟರ್ ನೋಡಿ ಆಸೆಪಡಬೇಡಿ. ಅವುಗಳಲ್ಲಿ ಬಹಳಷ್ಟು, ಉಸಿರು ಎಳೆದಾಗ ಮಾತ್ರ ಆಕ್ಸಿಜನ್ ಬಿಡುತ್ತವೆ. ಕೂಸಿನ ಸಣ್ಣ ಉಸಿರು ಅದಕ್ಕೆ ಗೊತ್ತಾಗುವುದೇ ಇಲ್ಲ.

ನನ್ನ ಆಯ್ಕೆ ಕೇಳಿದರೆ, ದಿನದ ಬಳಕೆಗೆ ಲೋ ಫ್ಲೋಮೀಟರ್ ಹಾಕಿದ ಕಾನ್ಸಂಟ್ರೇಟರ್, ಜೊತೆಗೆ ತುಂಬಿದ ಒಂದು ಸಿಲಿಂಡರ್. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ನಂಬಿ ಮಲಗಲು ಆಗಲ್ಲ, ಅಲ್ವಾ? ಒಂದೇ ಸಾಧ್ಯ ಎನ್ನುವವರು ಮಗುವಿಗೆ ಎಷ್ಟು ಬೇಕು, ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ, ಎರಡನ್ನೂ ಡಾಕ್ಟರಿಗೆ ಹೇಳಿ ತೀರ್ಮಾನಿಸಿ. ನಮ್ಮಂಥ ಊರಲ್ಲಿ ಕಾಲು ಲೀಟರಿಗೆ ಬರೀ ಕಾನ್ಸಂಟ್ರೇಟರಿಗಿಂತ ಎರಡು ಸಿಲಿಂಡರೇ ವಾಸಿ.

ಯಾವುದೇ ಇಟ್ಟರೂ ಪಾದಕ್ಕೆ ಸುತ್ತುವ ಮಕ್ಕಳ ಪ್ರೋಬ್ ಇರುವ, ರಕ್ತದಲ್ಲಿನ ಆಕ್ಸಿಜನ್ ಮಟ್ಟ ತೋರಿಸುವ ಆಕ್ಸಿಮೀಟರ್ ಬೇಕು, ದೊಡ್ಡವರ ಬೆರಳಿನ ಕ್ಲಿಪ್ ಆಗದು. ನಿದ್ದೆಯಲ್ಲಿ, ಹಾಲು ಕುಡಿಯುವಾಗ ನೋಡಿ. 93ಕ್ಕಿಂತ ಕೆಳಗೆ ನಿಂತರೆ ಫೋನ್ ಮಾಡಿ ಎಂದಿದ್ದರು ನಮ್ಮ ಡಾಕ್ಟರು. ಕೊಡುವ ಆಕ್ಸಿಜನ್ನಿನ ಅಳತೆ ನಾವೇ ಏರಿಸಿ ಇಳಿಸುವ ಹಾಗಿಲ್ಲ. ಸಿಲಿಂಡರ್ ತಂದವರ ಎದುರೇ ಕೀಲಿ ತಿರುಗಿಸಿ, ಒತ್ತಡ ತೋರಿಸುವ ಮುಳ್ಳು ಎಲ್ಲಿ ನಿಲ್ಲುತ್ತದೆ, ತುಂಬಿದೆಯೇ ಎಂದು ನೋಡಿಯೇ ದುಡ್ಡು ಕೊಡಿ.