ನೀರು ಮಲಗಿತ್ತು, ನಾವು ಮಲಗಿರಲಿಲ್ಲ

ಜೂನ್ ಬಂತೆಂದರೆ ಫಿನ್ಲೆಂಡಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಮಧ್ಯರಾತ್ರಿ ಸೂರ್ಯನ್ನ ನೋಡೋಕೆ ಎಲ್ಲಿಗೆ ಹೋಗೋದು?" ಹೋದ ವರ್ಷ ನಾನೂ ಒಂದು ಫೋಟೋ ಹಾಕಿದ್ದೆ. ಗಾಜಿನ ಹಾಗೆ ನಿಂತ ನೀರು, ಕೆಂಪು ಕೆನೂ ದೋಣಿ, ಅದರ ಮೂತಿಯಲ್ಲಿ ಹುಟ್ಟು ಹಿಡಿದು ಕೂತ ನನ್ನ ಮೈದುನ, ಹಿಂದೆ ಕಿತ್ತಳೆ ಬಣ್ಣದ ಸೂರ್ಯ. ಅದನ್ನು ತೆಗೆದು ಎರಡೂವರೆ ಗಂಟೆ ಕಳೆಯುವಷ್ಟರಲ್ಲಿ ನಾವಿಬ್ಬರೂ ಅದೇ ನೀರಿನೊಳಗೆ ಇದ್ದೆವು ಅನ್ನುವುದನ್ನು ಮಾತ್ರ ಹಾಕಿರಲಿಲ್ಲ. ನಾಚಿಕೆ. ಮೊನ್ನೆ ಒಬ್ಬರು ಆ ಫೋಟೋ ನೋಡಿ "ಎರಡು ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದೀವಿ, ದೋಣಿ ಎಲ್ಲಿ ಬಾಡಿಗೆಗೆ ಸಿಗುತ್ತೆ?" ಎಂದು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾವು ಹೋದದ್ದು ಇನಾರಿ ಸರೋವರಕ್ಕೆ. ಫಿನ್ಲೆಂಡಿನ ಉತ್ತರ ತುದಿ, ಆರ್ಕ್ಟಿಕ್ ವೃತ್ತದಿಂದಲೂ ಸಾಕಷ್ಟು ಮೇಲೆ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ನಾಡು. ಸಾವಿರ ಚದರ ಕಿಲೋಮೀಟರಿಗೂ ಮೀರಿದ ನೀರು, ಅದರೊಳಗೆ 3000ಕ್ಕೂ ಹೆಚ್ಚು ದ್ವೀಪಗಳು. ಆಳ ಕೆಲವು ಕಡೆ 90 ಮೀಟರ್ ದಾಟುತ್ತದೆ. ಮೇ ಕೊನೆಯ ವಾರದಿಂದ ಜುಲೈ ಮೂರನೇ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಇದೆಲ್ಲ ಯಾವ ಪ್ರವಾಸಿ ಪುಸ್ತಿಕೆಯಲ್ಲೂ ಸಿಗುತ್ತದೆ. ಅಲ್ಲಿ ದಪ್ಪಕ್ಷರದಲ್ಲಿ ಬರೆಯದ ಸಂಗತಿ ಇನ್ನೊಂದಿದೆ: ಆ ಸರೋವರದ ಮೇಲಿನ ಹಿಮಗಡ್ಡೆ ಪೂರ್ತಿ ಕರಗುವುದೇ ಸಾಮಾನ್ಯವಾಗಿ ಜೂನ್ ಮೊದಲ ವಾರಗಳಲ್ಲಿ. ನಾವು ಟೀ ಶರ್ಟ್ ಹಾಕಿಕೊಂಡು ದೋಣಿ ಹತ್ತಿದ ನೀರು, ಮೂರು ವಾರದ ಹಿಂದೆ ಮಂಜುಗಡ್ಡೆಯಾಗಿತ್ತು.

ಯುಹಾನ್ನುಸ್ ಅಂದರೆ ಇಲ್ಲಿನ ನಡುಬೇಸಿಗೆಯ ಹಬ್ಬ, ಇಡೀ ದೇಶವೇ ನೀರಿನ ದಡಕ್ಕೆ ಹೋಗುವ ವಾರಾಂತ್ಯ. ಪ್ರತಿ ವರ್ಷ ಆ ಹಬ್ಬ ಮುಗಿದ ಮಾರನೆಯ ದಿನ ಎಷ್ಟು ಜನ ಮುಳುಗಿ ಸತ್ತರು ಅನ್ನುವ ಲೆಕ್ಕ ಸುದ್ದಿಯಲ್ಲಿ ಬರುತ್ತದೆ. ನಾನು ಅದನ್ನು ಓದಿ "ಕುಡಿದು ದೋಣಿ ಹತ್ತಿದ್ರೆ ಇನ್ನೇನಾಗುತ್ತೆ" ಅಂದುಕೊಳ್ಳುತ್ತಿದ್ದವಳು. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಹಾಗಾಗಿ ಆ ಸುದ್ದಿ ನಮಗಲ್ಲ ಎಂಬ ಧೈರ್ಯ.

ಆ ಹಬ್ಬದ ಶುಕ್ರವಾರ ಬೆಳಗ್ಗೆ ಐದೂವರೆಗೆ ಎದ್ದು, ಬುತ್ತಿ ಕಟ್ಟಿ, ಔಲು ನಗರದಿಂದ ಸುಮಾರು 550 ಕಿಲೋಮೀಟರ್ ಕಾರಿನಲ್ಲಿ ಹೋದೆವು. ನಮ್ಮವರೂ ಮಗಳೂ ಬಾಡಿಗೆಯ ಕುಟೀರದಲ್ಲಿ ಉಳಿದರು. ಔಲುವಿನಲ್ಲಿ ಎಂ.ಎಸ್. ಓದುತ್ತಿರುವ ಮೈದುನನಿಗೆ ದೋಣಿಯ ಹುಚ್ಚು. "ಅತ್ತಿಗೆ, ಒಂದು ರಾತ್ರಿ ಅಷ್ಟೇ, ಹತ್ತಿರದ ದ್ವೀಪದಲ್ಲಿ ಮಲಗಿ ನಾಳೆ ಮಧ್ಯಾಹ್ನದೊಳಗೆ ವಾಪಸ್" ಎಂದ. ನಾನೂ ತೀರ್ಥಹಳ್ಳಿ ಕಡೆಯವಳು, ತುಂಗೆಯ ತೆಪ್ಪ ಕಂಡವಳು. ಸಂಜೆ ಆರಕ್ಕೆ ಹೊರಟೆವು.

ದೋಣಿ ಕೊಟ್ಟವರ ಮೇಲೆ ನನಗೆ ದೂರಿಲ್ಲ. ಲೈಫ್ ಜಾಕೆಟ್ ಕೊಟ್ಟರು, ನೀರು ನುಗ್ಗದ ಎರಡು ಚೀಲ ಕೊಟ್ಟರು, ನಕ್ಷೆ ಕೊಟ್ಟರು, ದಡ ಬಿಟ್ಟು ದೂರ ಹೋಗಬೇಡಿ ಅಂದರು. ದೋಣಿ ಹಿಂದಿರುಗಿಸುವ ಹೊತ್ತು ಬರೆದುಕೊಂಡರು. ನಾವು ಯಾವಾಗ ನಿದ್ದೆ ಮಾಡುತ್ತೇವೆ ಎಂದು ಅವರೂ ಕೇಳಲಿಲ್ಲ, ನಾವೂ ಯೋಚಿಸಲಿಲ್ಲ. ಅದನ್ನೂ ಯಾರಾದರೂ ಕೇಳುತ್ತಾರಾ?

ಒಂಬತ್ತರ ಸುಮಾರಿಗೆ ಒಂದು ದ್ವೀಪ ಹಿಡಿದು, ಚಪಾತಿ, ಚಟ್ನಿಪುಡಿ ತಿಂದು, ಸೊಳ್ಳೆಗಳಿಗೆ ನಮ್ಮ ಪಾಲಿನದು ಕೊಟ್ಟು ಕೂತೆವು. ಆಗ ಸಣ್ಣಗೆ ಗಾಳಿಯಿತ್ತು. ಹನ್ನೊಂದರ ಹೊತ್ತಿಗೆ ಅದೂ ನಿಂತಿತು. ಎಲೆ ಅಲ್ಲಾಡುತ್ತಿಲ್ಲ. ಆಚೆ ದ್ವೀಪದ ಪೈನ್ ಮರಗಳು ನೀರಿನೊಳಗೆ ತಲೆಕೆಳಗಾಗಿ ನಿಂತಿವೆ, ಯಾವುದು ಮರ ಯಾವುದು ನೆರಳು ತಿಳಿಯದಷ್ಟು ಸ್ವಚ್ಛ. "ಈಗ ಮಲಗಿದ್ರೆ ಪಾಪ ಬರುತ್ತೆ ಅತ್ತಿಗೆ" ಎಂದ ಮೈದುನ. ನಿಜ ಹೇಳಬೇಕೆಂದರೆ ನನಗೂ ನಿದ್ದೆಯ ಸುಳಿವಿರಲಿಲ್ಲ.

ಈಗ ಯೋಚಿಸಿದರೆ ಇಡೀ ಅನಾಹುತ ಶುರುವಾದದ್ದು ಅಲ್ಲೇ. ಆ ನೀರು ಅಷ್ಟು ಶಾಂತವಾಗಿದ್ದದ್ದು ಯಾಕೆ? ಅದು ರಾತ್ರಿಯಾಗಿದ್ದರಿಂದ. ಸೂರ್ಯ ಮುಳುಗದಿದ್ದರೂ ಕೆಳಗಿಳಿಯುತ್ತಾನೆ, ನೆಲದ ಕಾವು ಇಳಿಯುತ್ತದೆ, ಹಗಲಿನ ಗಾಳಿ ತಣ್ಣಗಾಗುತ್ತದೆ. ಮರ, ನೀರು, ಗಾಳಿ ಎಲ್ಲಕ್ಕೂ ರಾತ್ರಿಯಾದದ್ದು ತಿಳಿದಿತ್ತು. ನಮಗಿಬ್ಬರಿಗೆ ಮಾತ್ರ ತಿಳಿಯಲಿಲ್ಲ. ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನು ಕತ್ತಲಾದ ಮೇಲೆ ಏರಬೇಕು. ಬೆಳಕು ಕಣ್ಣಿಗೆ ಬೀಳುತ್ತಲೇ ಇದ್ದರೆ ಅದು ಸರಿಯಾಗಿ ಏರುವುದಿಲ್ಲ. ಆದರೆ ದಣಿವು ಅದರ ದಾರಿ ಕಾಯುವುದಿಲ್ಲ, ತನ್ನ ಪಾಡಿಗೆ ತಾನು ಕೂಡುತ್ತಾ ಹೋಗುತ್ತದೆ. ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತಾಯಿತು ಅಂದರೆ ಕೈಲಿದ್ದ ಕೆಲಸ ತಾನಾಗಿ ನಿಲ್ಲುತ್ತದೆ, ಅಮ್ಮ ಅಂಗಳದಿಂದ ಕೂಗುತ್ತಾಳೆ. ಇಲ್ಲಿ ಆ ಹೊತ್ತೇ ಇಲ್ಲ.

ಹನ್ನೆರಡಕ್ಕೆ ಮತ್ತೆ ದೋಣಿ ಹತ್ತಿದೆವು. ಸೂರ್ಯ ತೀರ ಕೆಳಗೆ ಬರುವುದು 12ಕ್ಕಲ್ಲ, ಬೇಸಿಗೆಯ ಗಡಿಯಾರದ ಪ್ರಕಾರ ಇನಾರಿಯಲ್ಲಿ ಅದು ಒಂದೂ ಹತ್ತರ ಆಸುಪಾಸು, ಸರಿಯಾಗಿ ಉತ್ತರ ದಿಕ್ಕಿನಲ್ಲಿ. ಆಗಲೇ ತೆಗೆದದ್ದು ಆ ಫೋಟೋ. ಅಲ್ಲಿಗೇ ಮುಗಿಸಿ ಮರಳಬಹುದಿತ್ತು. "ಇನ್ನೊಂದು ದ್ವೀಪ" ಅಂದ ಮೈದುನ. ಆಮೇಲೆ ನಾನೇ "ಇನ್ನೊಂದು" ಅಂದೆ. ದ್ವೀಪಗಳೆಲ್ಲ ಒಂದೇ ಥರ, ಬಂಡೆ, ಪೈನ್, ಬಂಡೆ, ಪೈನ್. ಎರಡೂಮುಕ್ಕಾಲಿನ ಹೊತ್ತಿಗೆ, ನಾವು ಗುಡಾರ ಹೂಡಿದ್ದ ದ್ವೀಪ ಯಾವುದು ಎಂಬುದರ ಬಗ್ಗೆ ನಮ್ಮಿಬ್ಬರಲ್ಲೇ ವಾದ ಶುರುವಾಗಿತ್ತು. ಕ್ಷುಲ್ಲಕ ವಾದ, ಆದರೆ ನಾನು ಅವನ ಮೇಲೆ ರೇಗಿದೆ. ನಾನು ಸಾಮಾನ್ಯವಾಗಿ ಅವನ ಮೇಲೆ ರೇಗುವವಳಲ್ಲ. ದಣಿವು ಮೊದಲು ಬಾಯಿಗೆ ಬರುತ್ತದೆ, ಆಮೇಲೆ ಕೈಗೆ.

ಇನ್ನೊಂದು ಮಾತು. ಗಂಟೆಗಟ್ಟಲೆ ಮಂಡಿಯೂರಿ ನೊಂದಿದ್ದ ಮೈದುನ ಲೈಫ್ ಜಾಕೆಟ್ ಬಿಚ್ಚಿ ಮಂಡಿಯ ಕೆಳಗೆ ದಿಂಬಿನ ಹಾಗೆ ಹಾಕಿಕೊಂಡಿದ್ದ. ನಾನು ನೋಡಿದೆ. ಏನೂ ಅನ್ನಲಿಲ್ಲ. ನೀರು ಅಷ್ಟು ಸಮಾಧಾನವಾಗಿತ್ತಲ್ಲ.

ಮೂರೂಮುಕ್ಕಾಲಿಗೆ, ಒಂದೇ ಒಂದು ಅಲೆಯೂ ಇಲ್ಲದ ನೀರಿನಲ್ಲಿ, ದಡದಿಂದ ಸುಮಾರು ನಲವತ್ತು ಮೀಟರ್ ದೂರದಲ್ಲಿ, ನಮ್ಮ ಕೆನೂ ಮಗುಚಿತು. ಮೈದುನ ಹುಟ್ಟು ಹಾಕುತ್ತಾ ಹಾಕುತ್ತಾ ಕೂತಲ್ಲೇ ತೂಕಡಿಸಿ ಬಲಕ್ಕೆ ವಾಲಿದ. ನಾನು ಗಾಬರಿಯಾಗಿ ಅವನನ್ನು ಹಿಡಿಯಲು ಅದೇ ಬದಿಗೆ ಬಾಗಿದೆ. ಕೆನೂ ತೆರೆದ ದೋಣಿ, ಇಬ್ಬರ ಭಾರ ಒಂದೇ ಕಡೆ ಬಿದ್ದರೆ ಅದಕ್ಕೆ ಬೇರೆ ದಾರಿಯಿಲ್ಲ.

ಆ ತಣ್ಣೀರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರಿಗೆ ಅದರ ಅಂದಾಜೇ ಇರುವುದಿಲ್ಲ. ಆಮೇಲೆ ತಿಳಿದಂತೆ ನೀರು ಎಂಟು-ಒಂಬತ್ತು ಡಿಗ್ರಿ. ಮುಳುಗಿದ ಕೂಡಲೇ ಬಾಯಿ ತಾನಾಗಿ ತೆರೆದು ಗಾಳಿ ಎಳೆಯುತ್ತದೆ. ನೀವು ಎಳೆಯುವುದಲ್ಲ, ಮೈ ಎಳೆಯುತ್ತದೆ. ಆ ಕ್ಷಣ ತಲೆ ನೀರಿನೊಳಗಿದ್ದರೆ ಗಾಳಿಯ ಬದಲು ನೀರು. "ದೋಣಿ ಹಿಡ್ಕೋ" ಎಂದು ಕೂಗಬೇಕೆಂದುಕೊಂಡೆ, ಗಂಟಲಿಂದ ಬರೀ ಏದುಸಿರು ಬಂತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕ ಗಾರ್ಡನ್ ಗೀಸ್‌ಬ್ರೆಕ್ಟ್ ಇದಕ್ಕೆ 1-10-1 ಎಂಬ ಸರಳ ಲೆಕ್ಕ ಕೊಟ್ಟಿದ್ದಾರೆ. ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ, ಮೈಯ ಒಳಗಿನ ಕಾವು ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಅಂದರೆ ಲೈಫ್ ಜಾಕೆಟ್ ಇದ್ದವರಿಗೆ ಒಂದು ಗಂಟೆ ಇದೆ, ಇಲ್ಲದವರಿಗೆ ಬರೀ ಹತ್ತು ನಿಮಿಷ. ಈ ಲೆಕ್ಕ ನಾನು ಓದಿದ್ದು ಎಲ್ಲಾ ಆದ ಮೇಲೆ.

ಮೈದುನ ಮಳೆಗಾಲದ ತುಂಗೆಯನ್ನೇ ಈಜಿ ದಾಟಿದವನು. ಅಂಥವನು ನಲವತ್ತು ಮೀಟರ್ ಈಜಲಾರದೆ ಐದಾರು ಕೈ ಹಾಕಿ ನಿಂತುಬಿಟ್ಟ. ಜೀನ್ಸ್ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಅವನ ಜಾಕೆಟ್ ಸುಖವಾಗಿ ತೇಲಿಕೊಂಡು ದೂರ ಹೋಗುತ್ತಿತ್ತು. ಮಗುಚಿದ ದೋಣಿಯನ್ನು ಇಬ್ಬರೂ ಹಿಡಿದು, ಕಾಲು ಬಡಿದು ಬಡಿದು ದಡಕ್ಕೆ ತಂದೆವು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬಂಡೆ ಸಿಕ್ಕಾಗ ಬೆರಳು ಮಡಚುತ್ತಿರಲಿಲ್ಲ, ಮೊಣಕೈಯಿಂದ ಹತ್ತಿದೆ. ದೋಣಿಗೆ ಕಟ್ಟಿದ್ದ ಒಂದು ಚೀಲ ಉಳಿಯಿತು, ಕಟ್ಟದೆ ಇಟ್ಟಿದ್ದು ಹೋಯಿತು. ಅಮ್ಮ ಕಳಿಸಿದ ಚಟ್ನಿಪುಡಿಯ ಸ್ಟೀಲ್ ಡಬ್ಬಿ ಇವತ್ತಿಗೂ ಇನಾರಿಯ ತಳದಲ್ಲಿದೆ.

ಉಳಿದ ಚೀಲದಲ್ಲಿ ಮಲಗುವ ಚೀಲವೊಂದು ಇದ್ದದ್ದು ನಮ್ಮ ಪುಣ್ಯ. ಮೈದುನನ ಮಾತು ತೊದಲುತ್ತಿತ್ತು, ನಿಂತರೆ ತೂರಾಡುತ್ತಿದ್ದ, ಮೂರು ಸಲ "ಅಣ್ಣ ಎಲ್ಲಿ?" ಎಂದು ಕೇಳಿದ. ತೊದಲು, ತಡವರಿಕೆ, ತೂರಾಟ, ಈ ಮೂರು ಕಂಡರೆ ಮೈ ಒಳಗಿನಿಂದ ತಣ್ಣಗಾಗುತ್ತಿದೆ ಎಂದೇ ಅರ್ಥ. ಸಂಕೋಚ ನೋಡಲಿಲ್ಲ, ಒದ್ದೆ ಬಟ್ಟೆ ಎಲ್ಲ ಬಿಚ್ಚಿಸಿ ಮಲಗುವ ಚೀಲದೊಳಗೆ ತುರುಕಿದೆ. ಕೈಕಾಲು ಉಜ್ಜಲು ಹೋಗಿದ್ದೆ, ಫೋನಿನಲ್ಲಿದ್ದ ತುರ್ತು ಸೇವೆಯವರು ಬೇಡ ಅಂದರು. ಉಜ್ಜಿದರೆ ಕೈಕಾಲಿನ ತಣ್ಣನೆ ರಕ್ತ ಎದೆಯ ಕಡೆಗೆ ನುಗ್ಗುತ್ತದಂತೆ. ಅಲ್ಲಾಡಿಸದೆ ಮಲಗಿಸಿ, ಎಚ್ಚರವಿದ್ದು ನುಂಗಲು ಆದರೆ ಸಿಹಿ ಕೊಡಿ ಅಂದರು. ಕಿಸೆಯಲ್ಲಿ ಬೆಲ್ಲದ ಕಡಲೆಮಿಠಾಯಿ ಇತ್ತು.

ಫೋನಿನ ಕಥೆಯೇ ಬೇರೆ. ಪ್ಲಾಸ್ಟಿಕ್ ಪೌಚಿನಲ್ಲಿ ಕೊರಳಿಗೆ ನೇತು ಹಾಕಿದ್ದರಿಂದ ಉಳಿದಿತ್ತು. ಆದರೆ ಮರಗಟ್ಟಿದ ಒದ್ದೆ ಬೆರಳನ್ನು ಪರದೆ ಗುರುತಿಸುವುದಿಲ್ಲ. ಕಡೆಗೆ ಮೂಗಿನ ತುದಿಯಿಂದ 112 ಒತ್ತಿದೆ, ನಗಬೇಡಿ. ಅವರು ಕೇಳಿದ ಮೊದಲ ಪ್ರಶ್ನೆ: ಎಲ್ಲಿದ್ದೀರಿ? ನನ್ನ ಅರೆಬರೆ ಫಿನ್ನಿಶ್‌ನಲ್ಲಿ "ದ್ವೀಪದಲ್ಲಿ" ಅಂದೆ. ಮೂರು ಸಾವಿರದಲ್ಲಿ ಯಾವುದು? 112 ಸುಒಮಿ ಎಂಬ ಆ್ಯಪ್ ಇದೆ, ಅದರಿಂದ ಕರೆ ಮಾಡಿದರೆ ನೀವಿರುವ ಜಾಗ ತಾನಾಗಿ ಅವರಿಗೆ ಹೋಗುತ್ತದೆ. ಐದು ವರ್ಷ ಈ ದೇಶದಲ್ಲಿದ್ದೂ ನಾನು ಅದನ್ನು ಹಾಕಿಕೊಂಡಿರಲಿಲ್ಲ. ನಕ್ಷೆಯ ಆ್ಯಪ್ ತೆರೆದು, ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುವಾಗ ಹಲ್ಲು ಕಟಕಟ. ಎರಡು ಸಲ ತಪ್ಪು ಓದಿದೆ. ದೋಣಿ ಬಂದದ್ದು ಸುಮಾರು ಒಂದು ಗಂಟೆಯ ನಂತರ. ಅಲ್ಲಿಯವರೆಗೂ ಸೂರ್ಯ ನಮ್ಮ ಮುಖದ ಮೇಲೇ ಹೊಳೆಯುತ್ತಿದ್ದ, ಬೆಳಕು ಬೇಕಾದಷ್ಟು, ಬಿಸಿ ಮಾತ್ರ ಇಲ್ಲ.

ಆರೋಗ್ಯ ಕೇಂದ್ರದಲ್ಲಿ ನರ್ಸ್ ಕೇಳಿದ್ದು ಎರಡೇ. ಕುಡಿದಿದ್ದಿರಾ? ಇಲ್ಲ. ಎದ್ದು ಎಷ್ಟು ಹೊತ್ತಾಯಿತು? ಬೆರಳೆಣಿಸಿದೆ. ಮಗುಚಿದಾಗ ನಾವು ಎದ್ದು 22 ಗಂಟೆಯಾಗಿತ್ತು. 17 ಗಂಟೆ ನಿದ್ದೆಗೆಟ್ಟವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1990ರ ದಶಕದ ಸಂಶೋಧನೆಯೇ ತೋರಿಸಿದೆ. ಫಿನ್ಲೆಂಡಿನಲ್ಲಿ ಕಾರು ಓಡಿಸುವವರ ಅಪರಾಧದ ಗೆರೆಯೂ ಅಷ್ಟೇ. ಯುಹಾನ್ನುಸ್ ಸುದ್ದಿ ಓದಿ ಮೂಗು ಮುರಿಯುತ್ತಿದ್ದವಳು ನಾನು.

ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೂ, ಹೋಗಬೇಡಿ ಅನ್ನುವುದಿಲ್ಲ. ರಾತ್ರಿ ನೀರು ನಿಜಕ್ಕೂ ಶಾಂತ, ಪಳಗಿದವರು ಬೇಕೆಂದೇ ರಾತ್ರಿ ಹೋಗುತ್ತಾರೆ. ಆದರೆ ಅವರು ಹಗಲು ಮಲಗಿ ಹೋಗುತ್ತಾರೆ. ದೂರದಿಂದ ಕಾರು ಓಡಿಸಿಕೊಂಡು ಹೋದ ದಿನ ದೋಣಿ ಹತ್ತಬೇಡಿ, ಮೊದಲು ಒಂದು ನಿದ್ದೆ ಮುಗಿಸಿ. ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ ಒಯ್ಯಿರಿ, ಗುಡಾರದೊಳಗೂ ಹಗಲೇ ಇರುತ್ತದೆ. ಮಲಗುವ ಹೊತ್ತಿಗೆ ಅಲಾರಂ ಇಡಿ, ಏಳುವುದಕ್ಕಲ್ಲ. ಯಾವ ದ್ವೀಪ, ಎಷ್ಟು ಗಂಟೆಗೆ ವಾಪಸ್ ಎಂದು ದಡದಲ್ಲಿರುವವರಿಗೆ ಬರೆದು ಕೊಡಿ. ನಮ್ಮವರು ಬೆಳಗ್ಗೆ ಏಳರವರೆಗೆ ನಾವು ಗುಡಾರದಲ್ಲಿ ಗೊರಕೆ ಹೊಡೆಯುತ್ತಿದ್ದೇವೆ ಎಂದೇ ತಿಳಿದಿದ್ದರು. ದಡದಿಂದ ದೂರ ಹೋಗಬೇಡಿ, ದ್ವೀಪಗಳಿಲ್ಲದ ಬಯಲು ನೀರನ್ನು ಅಡ್ಡ ಹಾಯಬೇಡಿ. ಹತ್ತಿಯ ಬಟ್ಟೆ, ಜೀನ್ಸ್ ಬೇಡ, ಉಣ್ಣೆ ಒದ್ದೆಯಾದರೂ ಒಂದಿಷ್ಟು ಬಿಸಿ ಹಿಡಿಯುತ್ತದೆ. ಬೆಂಕಿ ಹಾಕಿ ಒಣಗಿಸಿಕೊಳ್ಳುತ್ತೇವೆ ಎಂದು ನಂಬಬೇಡಿ, ಕಾಡ್ಗಿಚ್ಚಿನ ಎಚ್ಚರಿಕೆ ಇರುವ ದಿನ ಬಯಲಲ್ಲಿ ಬೆಂಕಿ ಹಚ್ಚುವುದೇ ನಿಷಿದ್ಧ. ಲೈಫ್ ಜಾಕೆಟ್ ಬಗ್ಗೆ ಇನ್ನೊಮ್ಮೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಈ ವರ್ಷ ಆಗಸ್ಟ್ ಕೊನೆಗೆ ಮತ್ತೆ ಇನಾರಿಗೆ ಹೋಗುತ್ತಿದ್ದೇವೆ, ಆಗ ಕತ್ತಲಾಗುತ್ತದೆ. ಮೈದುನ ತನ್ನದೇ ಒಂದು ಲೈಫ್ ಜಾಕೆಟ್ ಕೊಂಡಿದ್ದಾನೆ. ಅಳತೆ ಸರಿಯಿದೆಯಾ ನೋಡಲು ಹಾಕಿಕೊಂಡವನು, ಊಟಕ್ಕೂ ಅದರಲ್ಲೇ ಕೂತ.